ಆಕಾಶದರ್ಶನದ ರಾತ್ರಿ

ನಮ್ಮ ಮದುವೆಯ ದಿನ ಪುರೋಹಿತರು ಚಪ್ಪರದ ಹೊರಗೆ ಕರೆದೊಯ್ದು, ನಡುಹಗಲಿನ ಆಕಾಶದತ್ತ ಬೆರಳು ಮಾಡಿ, "ಅರುಂಧತಿ ಕಂಡಳೆ?" ಎಂದು ಕೇಳಿದರು. "ಕಂಡಳು" ಎಂದೆವು. ಎಲ್ಲರೂ ಹೇಳುವುದೇ ಹಾಗೆ. ಆಕೆಯನ್ನು ನಿಜವಾಗಿ ಕಾಣಲು ನಾವು ಆರು ವರ್ಷಗಳ ತರುವಾಯ ವಾಂಗಣಿಗೆ ಹೋಗಬೇಕಾಯಿತು.

ವಾಂಗಣಿಯು ಮುಂಬಯಿಯಿಂದ ಕರ್ಜತಿಗೆ ಹೋಗುವ ರೈಲುಮಾರ್ಗದಲ್ಲಿ ಬದಲಾಪುರದಾಚೆಯ ಊರು. ಹ್ಯಾಲಿ ಧೂಮಕೇತು ಬಂದ 1985–86ರ ಸುಮಾರಿಗೆ ಹುಟ್ಟಿದ 'ಖಗೋಳ ಮಂಡಲ'ದವರು ಅಲ್ಲಿ ಸಾರ್ವಜನಿಕರಿಗಾಗಿ ರಾತ್ರಿಯಿಡೀ ಆಕಾಶದರ್ಶನ ಏರ್ಪಡಿಸುತ್ತ ಬಂದಿದ್ದಾರೆ. ಇಂಥ ಹವ್ಯಾಸಿ ಸಂಘಗಳು ನಮ್ಮ ದೇಶಕ್ಕೆ ಹೊಸತಲ್ಲ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಷ್ಟು ಹಳೆಯದು.

ನಮ್ಮ ಮಕ್ಕಳಿಗೆ ಮರಾಠಿಯ ವಿವರಣೆ ಕಠಿನವಾದೀತೆಂದು ಅಂಜಿದ್ದೆವು. ಹಾಗಾಗಲಿಲ್ಲ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ ಇವು ಊರಿನಲ್ಲಿ ಅಜ್ಜಿಯಂದಿರು ಮಳೆಗೆ ಹೇಳುವ ಹೆಸರುಗಳೇ ಅಲ್ಲವೆ? ಆದರೆ ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿ ಕಾಣುವುದಿಲ್ಲ. ಆಗ ಸೂರ್ಯನು ಅದೇ ನಕ್ಷತ್ರದ ದಿಕ್ಕಿನಲ್ಲಿರುವುದರಿಂದ ಅದು ಅವನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಲು ಚಳಿಗಾಲದ, ಚಂದ್ರನಿಲ್ಲದ ರಾತ್ರಿಯೇ ಬೇಕು.

ಕತ್ತಲೆಗೆ ಕಣ್ಣು ಚೆನ್ನಾಗಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಮೊಬೈಲಿನ ಬಿಳಿಯ ಬೆಳಕು ಒಮ್ಮೆ ಬಿದ್ದರೆ ಸಾಕು, ಪುನಃ ಮೊದಲಿನಿಂದ! ಆದುದರಿಂದಲೇ ಕಾರ್ಯಕರ್ತರು ಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಂಡಿದ್ದರು.

ದೂರದರ್ಶಕದ ಮುಂದೆ ಉದ್ದನೆಯ ಸಾಲು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಣ್ಣಿಟ್ಟ ಕ್ಷಣವೇ "ಕಂಡಿತು" ಎಂದು ಸರಿದಳು. "ಹೇಗಿತ್ತು?" ಎಂದು ಕಾರ್ಯಕರ್ತರು ಕೇಳಿದರು. ಅವಳು ತಲೆ ತಗ್ಗಿಸಿದಳು. ಅವರು ಗದರಲಿಲ್ಲ; ತಾವೇ ಇಣುಕಿ ನೋಡಿ, "ತಪ್ಪು ನಿನ್ನದಲ್ಲ, ಇದರಲ್ಲಿ ಈಗ ಏನೂ ಇಲ್ಲ" ಎಂದರು. ಭೂಮಿಯ ಆವರ್ತನೆಯಿಂದ ಆಕಾಶವು ಗಂಟೆಗೆ 15 ಡಿಗ್ರಿಯಷ್ಟು ಸರಿಯುವಂತೆ ತೋರುತ್ತದೆ. ದೂರದರ್ಶಕವನ್ನು ಆಗಾಗ ಸರಿಪಡಿಸದಿದ್ದರೆ ನೋಡುವ ವಸ್ತು ಕೆಲವೇ ನಿಮಿಷಗಳಲ್ಲಿ ಜಾರಿಹೋಗುತ್ತದೆ. ಅವಳಿಗಿಂತ ಮುಂಚೆ ನೋಡಿದ ಎಷ್ಟು ಮಂದಿ ಬರಿಯ ಕತ್ತಲೆಯನ್ನು ಕಂಡು "ಆಹಾ" ಎಂದಿದ್ದರೋ! ಅವರಲ್ಲಿ ನಾವೂ ಒಬ್ಬರೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಅವರು ಮತ್ತೆ ಗುರಿ ಹೊಂದಿಸಿ, "ನೇರವಾಗಿ ನೋಡಬೇಡ, ತುಸು ಪಕ್ಕಕ್ಕೆ ನೋಡು" ಎಂದರು. ಕಣ್ಣಿನೊಳಗೆ ಮಂದ ಬೆಳಕನ್ನು ಗ್ರಹಿಸುವ ಕಣಗಳು ನಟ್ಟನಡುವೆ ಇರುವುದಿಲ್ಲ, ಅಂಚಿನತ್ತ ಹೆಚ್ಚು. ಮಸುಕಾದುದು ಓರೆನೋಟಕ್ಕೇ ದಕ್ಕುತ್ತದೆ. ಹುಡುಗಿ ಬಹಳ ಹೊತ್ತು ನೋಡಿದಳು. "ಕನ್ನಡಿಗೆ ಉಸಿರು ಬಿಟ್ಟ ಹಾಗಿದೆ ಸಾರ್" ಎಂದಳು. ಅದು ದೇವಯಾನಿ ಗೆಲಾಕ್ಸಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿದ್ದುವು.

ನಡುರಾತ್ರಿಯ ವೇಳೆಗೆ ಈಶಾನ್ಯದಲ್ಲಿ ಸಪ್ತರ್ಷಿಗಳು ಏರಿಬಂದರು. ಬಾಲದ ತುದಿಯಿಂದ ಎರಡನೆಯವನು ವಸಿಷ್ಠ; ಆತನ ಮಗ್ಗುಲಲ್ಲೇ ಸಣ್ಣಗೆ ಅರುಂಧತಿ. ಆಕೆಗೆ ದೂರದರ್ಶಕ ಬೇಡ. ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೇ ಎರಡಾಗಿ ಕಾಣುತ್ತಾನೆ. "ಸಾರ್, ಕಂಡಳೆ?" ಎಂದು ಅದೇ ಹುಡುಗಿ ಕೇಳಿದಳು. "ಇಲ್ಲ" ಎಂದೆವು. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದೆವು. ಕಂಡಳು.

ಮರುದಿನ ಮನೆಯಲ್ಲಿ ಈ ಸಂಗತಿ ಹೇಳಿದಾಗ ನಮ್ಮಾಕೆ ನಕ್ಕರು. ಅಂದು ಅವರಿಗೂ ಏನೂ ಕಂಡಿರಲಿಲ್ಲವಂತೆ; ಮುಂದಿನ ಅಮಾವಾಸ್ಯೆಗೆ ತಾವೂ ಬರುವರಂತೆ.