ಇ-ಮೇಲ್ ಪತ್ರಗಳನ್ನು ಫೋಲ್ಡರ್‌ಗಳಲ್ಲಿ ವಿಂಗಡಿಸಿಡುವ ಕ್ರಮ: ಅರ್ಜಿದಾರರಿಗೆ ಮಾಹಿತಿ

ಅರ್ಜಿದಾರರು ಅರ್ಜಿಯಲ್ಲಿ ನಮೂದಿಸುವ ಇ-ಮೇಲ್ ವಿಳಾಸಕ್ಕೆ ಸ್ವೀಕೃತಿ, ದಾಖಲೆ ಕೋರುವ ಪತ್ರ, ಹಿಂಬರಹ ಮುಂತಾದವು ರವಾನೆಯಾಗುತ್ತವೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಮೇರೆಗೆ, ಬೇರೆ ರೀತಿಯ ಒಪ್ಪಂದವಿಲ್ಲದ ಪಕ್ಷದಲ್ಲಿ, ವಿಳಾಸದಾರರು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ಪತ್ರವು ಪ್ರವೇಶಿಸಿದಾಗಲೇ ಅದು ತಲುಪಿದಂತೆ. ಅದನ್ನು ತೆರೆದು ಓದಿದ ದಿನವು ಗಣನೆಗೆ ಬರುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಮೊದಲ ಮೇಲ್ಮನವಿ ಸಲ್ಲಿಸಲು ಉತ್ತರ ತಲುಪಿದಂದಿನಿಂದ 30 ದಿನಗಳ ಅವಧಿ ಮಾತ್ರ ಇರುತ್ತದೆ. ಸಾಕಷ್ಟು ಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಲು ಅವಕಾಶವಿದೆಯಾದರೂ ಅದನ್ನೇ ನಂಬಿ ಕೂರುವುದು ಸೂಕ್ತವಲ್ಲ. ಆದ್ದರಿಂದ ಪತ್ರಗಳನ್ನು ವಿಂಗಡಿಸುವಾಗ ವಹಿಸಬೇಕಾದ ಎಚ್ಚರಿಕೆಯನ್ನು ಇಲ್ಲಿ ವಿವರಿಸಲಾಗಿದೆ.

ಪಠ್ಯ ಆಧಾರಿತ ತಂತ್ರಾಂಶಗಳು

ಚಿತ್ರಗಳಿಲ್ಲದೆ ಅಕ್ಷರಗಳನ್ನಷ್ಟೇ ತೋರಿಸುವ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ನಡೆಯುವ ಇ-ಮೇಲ್ ತಂತ್ರಾಂಶಗಳು ಹಳೆಯ ಗಣಕಯಂತ್ರದಲ್ಲಿಯೂ ನಿಧಾನಗತಿಯ ಸಂಪರ್ಕದಲ್ಲಿಯೂ ಕೆಲಸ ಮಾಡುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ ಪೈನ್, ಅದರ ಉತ್ತರಾಧಿಕಾರಿಯಾಗಿ 2007ರಲ್ಲಿ ಹೊರಬಂದ ಆಲ್ಪೈನ್ ಹಾಗೂ 1995ರಿಂದ ಇರುವ ಮಟ್ ಇವುಗಳಲ್ಲಿ ಪ್ರಮುಖವಾದವು. ಹೊಸಬರಿಗೆ ಆಲ್ಪೈನ್ ಸುಲಭ. ಒತ್ತಬೇಕಾದ ಕೀಲಿಗಳ ಪಟ್ಟಿ ಪರದೆಯ ಕೆಳಭಾಗದಲ್ಲಿಯೇ ಇರುತ್ತದೆ. ಆದರೆ ಅನೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲವಾದ್ದರಿಂದ ಫೋಲ್ಡರ್‌ಗಳ ಹೆಸರನ್ನು ರೋಮನ್ ಲಿಪಿಯಲ್ಲಿಡುವುದು ಅನುಕೂಲ.

ಆಲ್ಪೈನ್‌ನ ಪತ್ರಪಟ್ಟಿಯಲ್ಲಿ ಎಸ್ ಕೀಲಿಯನ್ನು ಒತ್ತಿ ಫೋಲ್ಡರ್‌ನ ಹೆಸರನ್ನು ನಮೂದಿಸಿದರೆ ಪತ್ರದ ಪ್ರತಿ ಅಲ್ಲಿಗೆ ಸೇರುತ್ತದೆ. ಮೂಲ ಪತ್ರಕ್ಕೆ ಅಳಿಸುವ ಗುರುತು ಬೀಳುತ್ತದೆ. ಆ ಹೆಸರಿನ ಫೋಲ್ಡರ್ ಇಲ್ಲದಿದ್ದಲ್ಲಿ ಹೊಸದಾಗಿ ರಚಿಸಬೇಕೇ ಎಂದು ತಂತ್ರಾಂಶವೇ ಕೇಳುತ್ತದೆ. ಇಲಾಖೆಗೊಂದು ಫೋಲ್ಡರ್ ಮಾಡುವುದಕ್ಕಿಂತ ಅರ್ಜಿಗೊಂದು ಫೋಲ್ಡರ್ ಮಾಡುವುದು ಲೇಸು. ಕಚೇರಿಗಳಲ್ಲಿಯೂ ಕಡತವು ಪ್ರಕರಣಕ್ಕೊಂದರಂತೆ ಇರುತ್ತದೆಯೇ ಹೊರತು ಕಳುಹಿಸಿದವರಿಗೊಂದರಂತಲ್ಲ. ಸಕಾಲ ಅರ್ಜಿಯಾದಲ್ಲಿ ಸ್ವೀಕೃತಿಯಲ್ಲಿರುವ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯನ್ನೇ ಫೋಲ್ಡರ್‌ನ ಹೆಸರಾಗಿ ಬಳಸಬಹುದು.

ಫಿಲ್ಟರ್ ನಿಯಮಗಳು

ಪತ್ರಗಳನ್ನು ತಾನಾಗಿಯೇ ವಿಂಗಡಿಸುವ ನಿಯಮಕ್ಕೆ ಫಿಲ್ಟರ್ ಎನ್ನುತ್ತಾರೆ. ಆಲ್ಪೈನ್‌ನ ಮುಖ್ಯ ಪುಟದಿಂದ ಎಸ್, ಆರ್, ಎಫ್ ಕೀಲಿಗಳನ್ನು ಅನುಕ್ರಮವಾಗಿ ಒತ್ತಿದರೆ ಫಿಲ್ಟರ್ ಪುಟ ತೆರೆಯುತ್ತದೆ. ಈ ನಿಯಮಗಳು ಆಲ್ಪೈನ್ ತೆರೆದಿರುವಾಗ ಮಾತ್ರ ಜಾರಿಯಲ್ಲಿರುತ್ತವೆ. ಪತ್ರ ತಲುಪುವಾಗಲೇ ವಿಂಗಡಣೆಯಾಗಬೇಕಿದ್ದಲ್ಲಿ ಸರ್ವರ್‌ನಲ್ಲಿ ಪ್ರೋಕ್‌ಮೇಲ್ ಅಥವಾ ಸೀವ್ ಸೌಲಭ್ಯ ಇರಬೇಕು.

ಹೊಸ ಪತ್ರ ಬಂದಾಗ ಕಣ್ಣಿಗೆ ಬೀಳುವುದು ಒಳಪೆಟ್ಟಿಗೆ. ಫಿಲ್ಟರ್ ಬೇರೆ ಫೋಲ್ಡರ್‌ಗೆ ಸಾಗಿಸಿದ ಪತ್ರವು ಅಲ್ಲಿಗೆ ಹೋಗಿ ನೋಡುವವರೆಗೂ ಗಮನಕ್ಕೆ ಬಾರದಿರಬಹುದು. ಸರ್ಕಾರಿ ಪತ್ರಗಳನ್ನೆಲ್ಲ ಪ್ರತ್ಯೇಕ ಫೋಲ್ಡರ್‌ಗೆ ಕಳುಹಿಸುವ ನಿಯಮವು ನೋಡಲು ಅಚ್ಚುಕಟ್ಟು, ಆದರೆ ಅರ್ಜಿದಾರರಿಗೆ ಅಪಾಯಕಾರಿ. ಜಾಹೀರಾತು, ವಾರ್ತಾಪತ್ರ, ಅಂಗಡಿಗಳ ರಸೀದಿ ಇತ್ಯಾದಿಗಳನ್ನು ಫಿಲ್ಟರ್ ಮೂಲಕ ಹೊರಗೆ ಸಾಗಿಸಿ, ಕಾಲಮಿತಿಯುಳ್ಳ ಪತ್ರಗಳನ್ನು ಒಳಪೆಟ್ಟಿಗೆಯಲ್ಲಿಯೇ ಉಳಿಸಿಕೊಂಡು, ಉತ್ತರಿಸಿದ ನಂತರ ಕೈಯಿಂದಲೇ ಫೋಲ್ಡರ್‌ಗೆ ಸೇರಿಸತಕ್ಕದ್ದು. ಫೋಲ್ಡರ್‌ನಲ್ಲಿಯೂ ಇರಲೇಬೇಕೆಂದಲ್ಲಿ ಪ್ರತಿಯನ್ನು ಮಾತ್ರ ಕಳುಹಿಸುವ ನಿಯಮ ಬರೆಯಬಹುದು. ಪ್ರೋಕ್‌ಮೇಲ್‌ನಲ್ಲಿ ಸಿ ಎಂಬ ಗುರುತು, ಸೀವ್‌ನಲ್ಲಿ ಕಾಪಿ ಎಂಬ ವಿಸ್ತರಣೆ ಇದಕ್ಕಾಗಿಯೇ ಇವೆ.

ಕನ್ನಡದಲ್ಲಿ ವಿಷಯ ನಮೂದಾಗಿರುವ ಪತ್ರಗಳ ಬಗ್ಗೆ ವಿಶೇಷ ಗಮನ ಅಗತ್ಯ. ಕನ್ನಡ ಅಕ್ಷರಗಳಿರುವ ವಿಷಯದ ಸಾಲು ರವಾನೆಯ ವೇಳೆ ಸಾಮಾನ್ಯವಾಗಿ ರೋಮನ್ ಅಕ್ಷರ ಹಾಗೂ ಅಂಕಿಗಳ ಸಂಕೇತಕ್ಕೆ ಬದಲಾಗಿರುತ್ತದೆ. ಪ್ರೋಕ್‌ಮೇಲ್ ನೋಡುವುದು ಆ ಸಂಕೇತವನ್ನೇ. ಹೀಗಾಗಿ “ಸ್ವೀಕೃತಿ” ಎಂಬ ಪದವನ್ನು ಹುಡುಕುವ ನಿಯಮವು ಅಲ್ಲಿ ಫಲಿಸುವುದಿಲ್ಲ. ಅದೇ ಸಾಲಿನಲ್ಲಿರುವ ಅರ್ಜಿ ಸಂಖ್ಯೆಯೂ ಸಂಕೇತದೊಳಗೆ ಅಡಗಿಹೋಗಬಹುದು. ಸೀವ್ ಈ ಸಂಕೇತವನ್ನು ಬಿಡಿಸಿ ಹೋಲಿಸುವುದರಿಂದ ಅಲ್ಲಿ ಕನ್ನಡ ಪದಗಳನ್ನು ಬಳಸಬಹುದು. ಎರಡರಲ್ಲಿಯೂ ನೆಚ್ಚಬಹುದಾದ ಆಧಾರವೆಂದರೆ ಕಳುಹಿಸಿದವರ ವಿಳಾಸ. ಅದನ್ನು ಹೋಲಿಸುವಾಗ ವಿಳಾಸವು ಜಿಒವಿ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡಬೇಕು. ವಿಳಾಸದ ನಡುವೆ ಎಲ್ಲೋ ಆ ಅಕ್ಷರಗಳಿದ್ದರೆ ಸಾಲದು. ಮೋಸದ ಪತ್ರಗಳಲ್ಲಿ ವಿಳಾಸವೇ ನಕಲಿಯಾಗಿರುವ ಸಾಧ್ಯತೆಯೂ ಇರುವುದರಿಂದ, ನಿಯಮಕ್ಕೆ ಹೊಂದಿತೆಂಬ ಕಾರಣಕ್ಕೆ ಯಾವ ಪತ್ರವನ್ನೂ ಅಧಿಕೃತವೆಂದು ಭಾವಿಸತಕ್ಕದ್ದಲ್ಲ.

ಅಳಿಸುವ ನಿಯಮವನ್ನು ಬರೆಯದಿರುವುದೇ ಕ್ಷೇಮ. ಸೀವ್‌ನ ಡಿಸ್ಕಾರ್ಡ್ ಆದೇಶವು ಯಾವ ಸೂಚನೆಯನ್ನೂ ನೀಡದೆ ಪತ್ರವನ್ನು ತೊಡೆದುಹಾಕುತ್ತದೆ. ಅನುಮಾನಾಸ್ಪದ ಪತ್ರಗಳಿಗೆ ಪ್ರತ್ಯೇಕ ಫೋಲ್ಡರ್ ಇಟ್ಟು, ಅರ್ಜಿ ಇತ್ಯರ್ಥವಾಗುವವರೆಗೆ ವಾರಕ್ಕೆ ಎರಡು ಬಾರಿಯಾದರೂ ಅದನ್ನು ಪರಿಶೀಲಿಸುವುದು ಅವಶ್ಯ. ಹೊಸ ನಿಯಮ ಬರೆದ ಕೂಡಲೇ ಮತ್ತೊಂದು ವಿಳಾಸದಿಂದ ಎರಡು ಪರೀಕ್ಷಾ ಪತ್ರಗಳನ್ನು, ಒಂದು ನಿಯಮಕ್ಕೆ ಹೊಂದುವಂತೆ ಹಾಗೂ ಇನ್ನೊಂದು ಹೊಂದದಂತೆ ಕಳುಹಿಸಿ, ಅವು ಎಲ್ಲಿ ಸೇರಿದವೆಂಬುದನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.