ಪುಟ್ಟ ಹೊಗೆ-ಒಲೆ, ಅರುವತ್ತು ಮಂದಿಯ ಊಟ



ನಮ್ಮ ಕಾಸರಗೋಡು, ಮಂಜೇಶ್ವರ, ಬೇಳ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಿ ಬಂದ ತಂದೆತಾಯಂದಿರು ನಮ್ಮೊಡನೆ ಮಾತಿಗೆ ಕೂತಾಗ, “ಫಾದರ್, ಹಿತ್ತಲಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದಾರೆ. ಕರೆಂಟಿಗೆ ಸಿಕ್ಕಿಸಿ ಮರದ ಹೊಗೆಯಲ್ಲಿ ಮಾಂಸ ಬೇಯಿಸುತ್ತಾರೆ” ಎಂದು ಆಶ್ಚರ್ಯಪಡುವುದುಂಟು. ಆ ಪೆಟ್ಟಿಗೆಯ ಹೆಸರು ಪೆಲೆಟ್ ಸ್ಮೋಕರ್. ನಾವು ಓರೆಗಾನ್ ರಾಜ್ಯದ ಒಂದು ಧರ್ಮಕೇಂದ್ರದಲ್ಲಿ ಮೂರು ವರ್ಷ ಸೇವೆಯಲ್ಲಿದ್ದಾಗ ನಮಗೂ ಅದರ ಪರಿಚಯವಾಯಿತು. ಮೊದಲ ಪರಿಚಯ ನಾಚಿಕೆ ತರುವಂಥದ್ದು. ಅದನ್ನು ಮುಚ್ಚಿಡದೆ ಹೇಳಿದರೆ ಮಾತ್ರ ಮುಂದಿನ ಪಾಠ ಅರ್ಥವಾದೀತು.

ಮರದ ಹೊಟ್ಟಿನಿಂದ ಬಂದ ಒಲೆ

ಓರೆಗಾನ್ ಕಾಡುಗಳ ನಾಡು, ಮರದ ಮಿಲ್ಲುಗಳ ನಾಡು. ಒಂದು ಕಾಲದಲ್ಲಿ ಅಲ್ಲಿನ ಮಿಲ್ಲುಗಳು ರಾಶಿಬಿದ್ದ ಹೊಟ್ಟನ್ನು ಗೋಪುರದಂಥ ದೊಡ್ಡ ಕುಲುಮೆಗಳಲ್ಲಿ ಸುಮ್ಮನೆ ಸುಟ್ಟುಬಿಡುತ್ತಿದ್ದವು. ಹೀಗೆ ಕಸವೆನಿಸಿದ್ದ ಹೊಟ್ಟನ್ನೇ ಒತ್ತಿ, ಪೆನ್ಸಿಲ್ಲಿನ ತುಂಡುಗಳಂತೆ ಗಟ್ಟಿಯಾದ ಗುಳಿಗೆಗಳನ್ನು ಮಾಡಿದರು. ಅವೇ ಪೆಲೆಟ್‌ಗಳು. ಮೊದಲು ಇವು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಗಳಿಗೆ ಬಂದವು. 1980ರ ದಶಕದ ನಡುವಿನಲ್ಲಿ ಓರೆಗಾನಿನ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನ ಜೋ ಟ್ರೇಗರ್ ಎಂಬವರು ಇದೇ ಗುಳಿಗೆಗಳಿಂದ ಅಡುಗೆ ಮಾಡುವ ಒಲೆಯನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ದೊರೆಯಿತು. 2006ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ಇತರ ಕಂಪೆನಿಗಳೂ ಈ ಒಲೆಗಳನ್ನು ತಯಾರಿಸತೊಡಗಿದವು. ಸ್ವಿಟ್ಜರ್ಲೆಂಡಿನ ಎಂಗೆಲ್‌ಬರ್ಗ್‌ನಿಂದ ಬಂದ ಬೆನೆಡಿಕ್ಟೈನ್ ಸಂನ್ಯಾಸಿಗಳು 1882ರಲ್ಲಿ ಸ್ಥಾಪಿಸಿದ ಮಠವೂ ಇದೇ ಮೌಂಟ್ ಏಂಜೆಲಿನ ಗುಡ್ಡದ ಮೇಲಿದೆ.

ಒಲೆಯ ಕ್ರಮ ಸರಳ. ಒಂದು ಬದಿಯ ಡಬ್ಬದಲ್ಲಿ ಗುಳಿಗೆ ತುಂಬುತ್ತಾರೆ. ಸುರುಳಿ ತಿರುಪೊಂದು ಮೆಲ್ಲಗೆ ತಿರುಗಿ ಅವನ್ನು ಕೆಳಗಿನ ಬೆಂಕಿ ಬಟ್ಟಲಿಗೆ ದೂಡುತ್ತದೆ. ಬಟ್ಟಲಿನ ಮೇಲೆ ಒಂದು ತಗಡು, ಅದರ ಮೇಲೆ ಕೊಬ್ಬು ಸೋರಿಹೋಗಲು ಓರೆಯಾದ ತಟ್ಟೆ, ಅದರ ಮೇಲೆ ಮಾಂಸವಿಡುವ ಜಾಲರಿ. ಒಂದು ಸಣ್ಣ ಫ್ಯಾನ್ ಬಿಸಿಗಾಳಿಯನ್ನೂ ಹೊಗೆಯನ್ನೂ ಒಳಗೆಲ್ಲ ಸುತ್ತಾಡಿಸುತ್ತದೆ. ಅಂದರೆ ಇಲ್ಲಿ ಮಾಂಸವನ್ನು ಬೇಯಿಸುವುದು ನೇರ ಜ್ವಾಲೆಯಲ್ಲ, ನಡೆದಾಡುವ ಬಿಸಿಗಾಳಿ. ಈ ಒಂದು ಮಾತು ಅಂದು ನಮಗೆ ತಿಳಿದಿದ್ದರೆ!

ನಾವು ಕೆಡಿಸಿದ ಊಟ

ಧರ್ಮಕೇಂದ್ರದ ಯುವಜನರ ಕೂಟಕ್ಕೆ ಊಟ ಮಾಡುವ ಹೊಣೆಯನ್ನು ಹುಮ್ಮಸ್ಸಿನಲ್ಲಿ ನಾವೇ ಹೊತ್ತುಕೊಂಡೆವು. ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ತಮ್ಮ ಸಣ್ಣ ಸ್ಮೋಕರನ್ನು ತಂದುಕೊಟ್ಟರು. ಅದರ ಜಾಲರಿ 300 ಚದರ ಅಂಗುಲ, ಎಂದರೆ ನಮ್ಮ ದಿನಪತ್ರಿಕೆಯ ಒಂದು ಪುಟದಷ್ಟು ಜಾಗ. ಮಕ್ಕಳು ಇಪ್ಪತ್ತು ಮಂದಿ. ನಾವು ತೊಡೆಸಹಿತವಾದ ಇಪ್ಪತ್ತು ಕೋಳಿಕಾಲುಗಳನ್ನು ಒಂದರ ಮೇಲೊಂದು ಏರಿಸಿ, ಒತ್ತೊತ್ತಾಗಿ ಜೋಡಿಸಿದೆವು. ತೊಳೆಯುವ ಕೆಲಸ ಉಳಿಯಲೆಂದು ಜಾಲರಿಗೆ ಪೂರ್ತಿ ಅಲ್ಯುಮಿನಿಯಂ ಹಾಳೆಯನ್ನೂ ಹಾಸಿದ್ದೆವು. ಮುಚ್ಚಳ ಹೇಗೋ ಮುಚ್ಚಿತು. ‘ಎಲ್ಲ ಹಿಡಿಸಿತಲ್ಲ’ ಎಂದು ಬೀಗಿದೆವು.

ಎರಡೂವರೆ ಗಂಟೆಯ ಬಳಿಕ ತೆರೆದಾಗ ಮೇಲಿನ ತುಂಡುಗಳು ಕೆಂಪಗೆ ಚೆಂದವಾಗಿ ಕಂಡವು. ಹಸಿದಿದ್ದ ಹುಡುಗನೊಬ್ಬ ಒಂದನ್ನು ಎತ್ತಿ ತಟ್ಟೆಗೆ ಹಾಕಿಕೊಂಡೂ ಬಿಟ್ಟ. ಸ್ಮೋಕರಿನ ಯಜಮಾನರು ಅವನ ಕೈ ತಡೆದು, ಮೂಳೆಯ ಹತ್ತಿರ ಥರ್ಮಾಮೀಟರ್ ಚುಚ್ಚಿದರು. 52 ಡಿಗ್ರಿ ಸೆಲ್ಸಿಯಸ್. ಕೋಳಿಮಾಂಸ ಒಳಗೆ 74 ಡಿಗ್ರಿ ಮುಟ್ಟದೆ ತಿನ್ನಲು ಸುರಕ್ಷಿತವಲ್ಲ. ಕೊಯ್ದು ನೋಡಿದರೆ ಒಳಗೆ ಹಸಿ. ನಮ್ಮ ಎದೆ ಧಸಕ್ಕೆಂದಿತು. ಎಲ್ಲವನ್ನೂ ಸಭಾಭವನದ ಅಡುಗೆಮನೆಯ ಓವನ್ನಿಗೆ ಹಾಕಿ, ಬಡಿಸುವಾಗ ರಾತ್ರಿ ಒಂಬತ್ತು. ಅಷ್ಟರಲ್ಲಿ ಮಕ್ಕಳು ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಂಡಿದ್ದರು. ಕೆಲವರನ್ನು ಮನೆಯವರು ಕರೆದೊಯ್ದಾಗಿತ್ತು.

ಹಿರಿಯರು ನಮ್ಮನ್ನು ಗದರಲಿಲ್ಲ. ಜಾಲರಿ ತೊಳೆಯುತ್ತಾ ಇಷ್ಟೇ ಹೇಳಿದರು: “ಫಾದರ್, ಇದು ಕಪಾಟಲ್ಲ, ಒಲೆ. ಗಾಳಿ ಓಡಾಡುವುದಕ್ಕೂ ಜಾಗ ಬೇಕು.”

ನಮ್ಮ ಇಡ್ಲಿ ಪಾತ್ರೆಯ ಪಾಠ

ಯೋಚಿಸಿದರೆ ಇದು ನಮ್ಮ ತಾಯಂದಿರಿಗೆ ಹೊಸ ಮಾತೇನೂ ಅಲ್ಲ. ಇಡ್ಲಿ, ಸಾನ್ನಾ ಬೇಯಿಸುವಾಗ ಅವರು ತಟ್ಟೆಗಳನ್ನು ಹೇಗೆ ಇಡುತ್ತಾರೆ? ಕೆಳಗಿನ ಗುಳಿಯ ಮೇಲೆ ಮೇಲಿನ ಗುಳಿ ಕೂರದಂತೆ ತುಸು ತಿರುಗಿಸಿ ಇಡುತ್ತಾರೆ. ತೂತುಗಳನ್ನು ಮುಚ್ಚುವುದಿಲ್ಲ. ಹಬೆಗೆ ದಾರಿ ಇಲ್ಲದಿದ್ದರೆ ನಡುವಿನ ಇಡ್ಲಿ ಹಸಿಯಾಗಿಯೇ ಉಳಿಯುತ್ತದೆ. ಸ್ಮೋಕರಿನಲ್ಲಿ ಹಬೆಯ ಬದಲು ಬಿಸಿಗಾಳಿ, ಅಷ್ಟೇ. ಆ ಹಿರಿಯರ ಬಳಿ ಕೂತು ನಾವು ಕಲಿತದ್ದನ್ನು ಕ್ರಮವಾಗಿ ಇಲ್ಲಿ ಕೊಡುತ್ತೇವೆ. ಪರದೇಶದಲ್ಲಿರುವ ನಿಮ್ಮ ಮಕ್ಕಳಿಗೆ ಉಪಯೋಗವಾದೀತು.

ಒಂದು: ತುಂಡಿಗೂ ತುಂಡಿಗೂ ನಡುವೆ, ತುಂಡಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಬೇಕು. ಜಾಲರಿಗೆ ಪೂರ್ತಿ ಹಾಳೆ ಹಾಸಬಾರದು. ತಟ್ಟೆ ಇಡುವುದಿದ್ದರೆ ಅದು ಜಾಲರಿಗಿಂತ ಸಾಕಷ್ಟು ಚಿಕ್ಕದಿರಬೇಕು.

ಎರಡು: ಅಗಲ ಇಲ್ಲದಿದ್ದರೆ ಎತ್ತರವನ್ನು ಬಳಸಿಕೊಳ್ಳಬೇಕು. ಹಂದಿಯ ಪಕ್ಕೆಲುಬಿನ ಹಲಗೆಗಳನ್ನು ಮಲಗಿಸಿದರೆ ಎರಡು ಹಿಡಿಸುವಲ್ಲಿ, ಕಂಬಿಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಮೂರು ನಾಲ್ಕು ಹಿಡಿಸುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಹಲಗೆಯನ್ನು ಬಳೆಯಂತೆ ಸುತ್ತಿ ಕಡ್ಡಿ ಚುಚ್ಚಿ ನಿಲ್ಲಿಸಬಹುದು. ಕೋಳಿಯ ಕಾಲುಗಳನ್ನು ತೂಗುಹಾಕುವ ಸ್ಟ್ಯಾಂಡೂ ಸಿಗುತ್ತದೆ. ಇಡೀ ಕೋಳಿಯನ್ನು ಬೆನ್ನು ಸೀಳಿ ಹರಡಿದರೆ ಬೇಗ ಬೇಯುತ್ತದೆ, ಆದರೆ ಹೆಚ್ಚು ಜಾಗ ನುಂಗುತ್ತದೆ. ಮುಚ್ಚಳದ ಎತ್ತರ ಸಾಲುವುದಾದರೆ ನಿಲ್ಲಿಸುವುದೇ ಲಾಭ.

ಮೂರು: ಮೇಲೊಂದು ಅಡ್ಡ ಜಾಲರಿ ಇಟ್ಟು ಎರಡನೆಯ ಅಂತಸ್ತು ಮಾಡಬಹುದು. ಆದರೆ ಎರಡು ಅಂತಸ್ತುಗಳ ಬಿಸಿ ಒಂದೇ ಸಮ ಇರುವುದಿಲ್ಲ. ಅರ್ಧ ಸಮಯವಾದಾಗ ಸ್ಥಳ ಬದಲಿಸಬೇಕು. ಹಸಿ ಕೋಳಿ ಯಾವಾಗಲೂ ಕೆಳಗೇ ಇರಲಿ. ಬೆಂದ ಪದಾರ್ಥದ ಮೇಲೆ, ತರಕಾರಿಯ ಮೇಲೆ ಅದರ ರಸ ತೊಟ್ಟಿಕ್ಕಬಾರದು.

ನಾಲ್ಕು: ದೊಡ್ಡ ತುಂಡನ್ನು ಎರಡಾಗಿ ಸೀಳುವುದು ಒಳ್ಳೆಯದು. ಜಾಲರಿಯ ಮೇಲೆ ತುಸು ಹೆಚ್ಚು ಜಾಗ ಬೇಕಾದೀತು, ಆದರೆ ಬೇಯುವ ಹೊತ್ತು ಬಹಳ ಕಡಿಮೆಯಾಗುತ್ತದೆ, ಹೊಗೆ ಹಿಡಿಯುವ ಮೈಯೂ ಹೆಚ್ಚುತ್ತದೆ. ಸಣ್ಣ ಒಲೆಯಲ್ಲಿ ಉಳಿದ ಹೊತ್ತೂ ಉಳಿದ ಜಾಗವೇ.

ಐದು: ಇದು ಎಲ್ಲಕ್ಕಿಂತ ಮುಖ್ಯವಾದುದು. ಹೊಗೆಯ ರುಚಿ ಮಾಂಸಕ್ಕೆ ಚೆನ್ನಾಗಿ ಹಿಡಿಯುವುದು ಅದರ ಮೈ ತಣ್ಣಗೆ, ತೇವವಾಗಿರುವ ಮೊದಲ ಕೆಲವು ಗಂಟೆಗಳಲ್ಲಿ. ಆಮೇಲೆ ಬೇಕಾದದ್ದು ಬಿಸಿ ಮಾತ್ರ. ಆ ಬಿಸಿಯನ್ನು ಅಡುಗೆಮನೆಯ ಓವನ್ ಕೊಡಬಲ್ಲದು. ಆದ್ದರಿಂದ ನಾಲ್ಕು ಗಂಟೆ ಹೊಗೆ ಕೊಟ್ಟು, ಹಾಳೆಯಲ್ಲಿ ಸುತ್ತಿ ಓವನ್ನಿಗೆ ಸಾಗಿಸಿದರೆ ಸ್ಮೋಕರ್ ಇನ್ನೊಂದು ಸರದಿಗೆ ಖಾಲಿಯಾಗುತ್ತದೆ. ಸುತ್ತುವುದರಿಂದ ಇನ್ನೊಂದು ಲಾಭವಿದೆ. ಮಾಂಸದ ಒಳಬಿಸಿ 65-70 ಡಿಗ್ರಿಯ ಸುಮಾರಿಗೆ ಬಂದಾಗ, ಬೆವರು ಆರಿ ಮೈ ತಣ್ಣಗಾಗುವಂತೆ, ಮಾಂಸದ ನೀರು ಆರುತ್ತಾ ಬಿಸಿ ಏರದೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಸುತ್ತಿದರೆ ಆ ತಡೆ ಬೇಗ ದಾಟುತ್ತದೆ.

ಅರುವತ್ತು ಮಂದಿಯ ದಿನ

ತಪಸ್ಸುಕಾಲದ ಒಂದು ಬುಧವಾರ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತೀರಿಕೊಂಡರು. ಮೆಕ್ಸಿಕೋದಿಂದ ಬಂದು ತೋಟಗಳಲ್ಲಿ ದುಡಿಯುತ್ತಿದ್ದ ಕುಟುಂಬ. ಶನಿವಾರ 11 ಗಂಟೆಗೆ ಶವಸಂಸ್ಕಾರದ ಬಲಿಪೂಜೆ, ಬಳಿಕ ಸಭಾಭವನದಲ್ಲಿ ಅರುವತ್ತು ಮಂದಿಗೆ ಊಟ. ಅಮ್ಮನಿಗೆ ಇಷ್ಟವಾಗಿದ್ದ ಹೊಗೆಯಲ್ಲಿ ಬೆಂದ ಹಂದಿಮಾಂಸವನ್ನೇ ಬಡಿಸಬೇಕೆಂದು ಗಂಡುಮಕ್ಕಳ ಆಸೆ. ಹೋಟೆಲಿನಿಂದ ತರಿಸುವಷ್ಟು ಹಣ ಅವರಲ್ಲಿ ಇರಲಿಲ್ಲ. ನಮ್ಮ ಕೈಯಲ್ಲಿದ್ದುದು ಅದೇ ಪುಟ್ಟ ಸ್ಮೋಕರ್. ಯುವಜನರ ಕೂಟದಲ್ಲಿ ತಡವಾದರೆ ನಗೆಪಾಟಲು, ಅಷ್ಟೇ. ದುಃಖದಲ್ಲಿದ್ದ ಮನೆಯವರನ್ನು ಹಸಿದು ಕಾಯಿಸುವುದು ಹೇಗೆ? ನಾವು ಹಿಂಜರಿದೆವು. ಹಿರಿಯರು ಪೆನ್ನು ಕಾಗದ ತೆಗೆದುಕೊಂಡು ಕುಳಿತರು.

ಲೆಕ್ಕ ಹೀಗಿತ್ತು. ಮೂರೂವರೆ ಕಿಲೋ ತೂಗುವ ಹಂದಿಯ ಭುಜದ ತುಂಡು ನಾಲ್ಕು, ಒಟ್ಟು 14 ಕಿಲೋ. ಕೊಬ್ಬು ಕರಗಿ, ನೀರು ಆರಿ, ಮೂಳೆ ಕಳೆದು ಬಡಿಸಲು ಸಿಗುವುದು ಸುಮಾರು 8 ಕಿಲೋ. ಒಬ್ಬರಿಗೆ 130 ಗ್ರಾಂ. ಜೊತೆಗೆ ಒಂದಿಷ್ಟು ಕೋಳಿ, ಬೀನ್ಸ್, ಬ್ರೆಡ್. ನಾಲ್ಕು ಭುಜಗಳನ್ನೂ ಒತ್ತಿದರೆ ಜಾಲರಿಯಲ್ಲಿ ಹಿಡಿಸುತ್ತಿದ್ದವು, ಆದರೆ ಬೇಯುತ್ತಿರಲಿಲ್ಲ. ಆದ್ದರಿಂದ ಒಂದೊಂದನ್ನೂ ಎರಡಾಗಿ ಸೀಳಿ, ಎರಡು ಸರದಿ ಮಾಡಿದೆವು.

ಶುಕ್ರವಾರ ರಾತ್ರಿ 10 ಗಂಟೆಗೆ ಮೊದಲ ಸರದಿಯ ನಾಲ್ಕು ತುಂಡುಗಳು 110 ಡಿಗ್ರಿಯ ಹೊಗೆಗೆ ಹೋದವು. ತಪಸ್ಸುಕಾಲದ ಶುಕ್ರವಾರ ಹಂದಿಮಾಂಸದ ಪರಿಮಳದ ಪಕ್ಕದಲ್ಲಿ ಕೂರುವುದೇ ಒಂದು ತಪಸ್ಸು ಎಂದು ಹಿರಿಯರು ನಕ್ಕರು. ನಡುರಾತ್ರಿ 2 ಗಂಟೆಗೆ ಅವನ್ನು ಸುತ್ತಿ 130 ಡಿಗ್ರಿಯ ಓವನ್ನಿಗೆ ಸೇರಿಸಿದೆವು. ಕೊಬ್ಬು ತುಂಬಿದ ಡಬ್ಬವನ್ನು ಖಾಲಿ ಮಾಡಿ, ಗುಳಿಗೆ ತುಂಬಿ, ಎರಡನೆಯ ಸರದಿ ಇಟ್ಟೆವು. ಹೊರಗೆ ಮಳೆ. ಗುಳಿಗೆಗೆ ನೀರು ತಾಗಿದರೆ ಉಬ್ಬಿ ಪುನಃ ಹೊಟ್ಟಾಗಿ ತಿರುಪನ್ನು ಕಟ್ಟಿಬಿಡುತ್ತದೆ. ಅದಕ್ಕಾಗಿ ಮುಚ್ಚಳವಿರುವ ಬಕೆಟಿನಲ್ಲಿ ಅವನ್ನು ಇಟ್ಟಿದ್ದೆವು. ಸ್ಮೋಕರನ್ನು ಮಾತ್ರ ಒಳಗೆ ತರಲಿಲ್ಲ. ಅದರ ಹೊಗೆಯಲ್ಲಿರುವ ವಿಷಾನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯಬಲ್ಲದು. ನಾಲ್ಕೂ ಬದಿ ತೆರೆದ ಚಪ್ಪರದ ಕೆಳಗೆ ಇಟ್ಟಿದ್ದೆವು.

ಮುಚ್ಚಳವನ್ನು ಸುಮ್ಮನೆ ತೆರೆದು ನೋಡುವ ನಮ್ಮ ಚಪಲವನ್ನು ಹಿರಿಯರು ಬಿಡಿಸಿದರು. ಪ್ರತಿಸಲ ತೆರೆದಾಗಲೂ ಬಿಸಿ ಹಾರಿಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಒಲೆಗೆ ಸಮಯ ಬೇಕು. ತಂತಿಯಿರುವ ಥರ್ಮಾಮೀಟರನ್ನು ತುಂಡಿಗೆ ಚುಚ್ಚಿಟ್ಟು ಹೊರಗಿನಿಂದಲೇ ನೋಡಿದೆವು.

ಬೆಳಗ್ಗೆ ಆರೂವರೆಗೆ ಮೊದಲ ಸರದಿ 95 ಡಿಗ್ರಿ ಮುಟ್ಟಿತು. ಬೆರಳಿಟ್ಟರೆ ಎಳೆ ಎಳೆಯಾಗಿ ಬಿಡುವ ಹದ. ಸುತ್ತಿದಂತೆಯೇ ಟವೆಲಿನಲ್ಲಿ ಪೊದೆಸಿ, ಐಸ್ ಇಡುವ ದಪ್ಪ ಗೋಡೆಯ ಖಾಲಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆವು. ತಣ್ಣಗಿಡುವ ಪೆಟ್ಟಿಗೆ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಕಾಯುತ್ತದೆ. ಹೀಗೆ ನಾಲ್ಕೈದು ಗಂಟೆ ಇಡಬಹುದು, ಆದರೆ ಒಳಬಿಸಿ 60 ಡಿಗ್ರಿಗಿಂತ ಕೆಳಗಿಳಿಯಬಾರದು. ಎರಡನೆಯ ಸರದಿ 6 ಗಂಟೆಗೇ ಓವನ್ ಸೇರಿತ್ತು. ಹತ್ತೂವರೆಗೆ ಅದೂ ಸಿದ್ಧ.

ಆ ಹೊತ್ತಿಗೆ ಸ್ಮೋಕರ್ ಸುಮ್ಮನಿರಲಿಲ್ಲ. ಅದನ್ನು ಆರಿಸಿ, ಸಂಗ್ರಹವಾದ ಬೂದಿ, ತಟ್ಟೆಯ ಮೇಲಿನ ಕೊಬ್ಬು ತೆಗೆದಿದ್ದೆವು. ಹೆಚ್ಚು ಮಾಂಸವಿಟ್ಟಷ್ಟೂ ಹೆಚ್ಚು ಕೊಬ್ಬು ಸೋರುತ್ತದೆ. ಅದನ್ನು ತೆಗೆಯದೆ ಬಿಸಿ ಏರಿಸಿದರೆ ಬೆಂಕಿ ಹಿಡಿಯುವ ಅಪಾಯವಿದೆ. ಒಂಬತ್ತೂವರೆಗೆ 165 ಡಿಗ್ರಿಯಲ್ಲಿ ಕೋಳಿಯ ಕಾಲು ತೊಡೆಗಳು ಎರಡು ಅಂತಸ್ತಿನಲ್ಲಿ, ಈ ಸಲ ಅಂತರ ಬಿಟ್ಟು. ನಾವು ಪೂಜಾವಸ್ತ್ರ ಧರಿಸಲು ಹೊರಟಾಗ ಹಿರಿಯರೂ ಇಬ್ಬರು ಯುವಕರೂ ಒಲೆಯ ಬಳಿ ನಿಂತರು. ಅದರಲ್ಲೊಬ್ಬ ಅಂದು ಹಸಿ ಕೋಳಿ ಎತ್ತಿಕೊಂಡಿದ್ದ ಹುಡುಗ. ಥರ್ಮಾಮೀಟರ್ ಅವನ ಕೈಯಲ್ಲಿತ್ತು.

ಹನ್ನೆರಡೂವರೆಗೆ ಊಟ ಬಡಿಸಿದೆವು. ಯಾರೂ ಕಾಯಲಿಲ್ಲ. ತೀರಿಕೊಂಡ ತಾಯಿಯ ಹಿರಿಯ ಮಗ ಎರಡನೆಯ ಸಲ ತಟ್ಟೆ ಹಿಡಿದು ಬಂದು, ಏನನ್ನೂ ಹೇಳಲಾರದೆ ನಮ್ಮ ಕೈ ಒತ್ತಿ ಹೋದ.

ಕೊನೆಯದಾಗಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಚಿಕ್ಕ ಹಾಸಿಗೆಯಲ್ಲಿ ಸರದಿಯ ಮೇಲೆ ಮಲಗಿದರೆ ಮನೆಮಂದಿಗೆಲ್ಲ ನಿದ್ದೆ ಸಿಗುತ್ತದೆ ಎಂಬುದನ್ನು ಆ ರಾತ್ರಿ ಕಲಿತೆವು. ಮೊದಲ ದಿನ ಇಪ್ಪತ್ತು ಮಂದಿಗೆ ಸಾಲದ ಒಲೆ ಅರುವತ್ತು ಮಂದಿಗೆ ಸಾಕಾಯಿತು. ಒಲೆ ಬೆಳೆದಿರಲಿಲ್ಲ. ಒಂದೊಂದು ಸಲಕ್ಕೆ ಕಡಿಮೆ ಇಟ್ಟೆವು, ಬೇಗ ಎಬ್ಬಿಸಿದೆವು, ಓವನ್ನಿಗೂ ಪೆಟ್ಟಿಗೆಗೂ ಅವುಗಳ ಪಾಲಿನ ಕೆಲಸ ಕೊಟ್ಟೆವು.

ನಿಮ್ಮ ಮಗನೋ ಮಗಳೋ ಪರದೇಶದಿಂದ ಫೋನ್ ಮಾಡಿ, “ನಮ್ಮ ಸ್ಮೋಕರ್ ಸಣ್ಣದು, ದೊಡ್ಡದು ಕೊಳ್ಳಬೇಕು” ಎಂದರೆ, ಮೊದಲು ಒಂದು ಒಳ್ಳೆಯ ಥರ್ಮಾಮೀಟರ್ ಕೊಳ್ಳಲು ಹೇಳಿ. ಜೊತೆಗೆ ಅಮ್ಮನ ಇಡ್ಲಿ ಪಾತ್ರೆಯನ್ನು ನೆನಪಿಸಿಕೊಳ್ಳಲೂ ಹೇಳಿ.