ಪದವಿ ತರಗತಿಯ ಸಂಶೋಧನಾ ಪ್ರಬಂಧ: ಸಿದ್ಧತೆ ಹೇಗೆ?

ಬಿ.ಎಸ್ಸಿ. ಅಂತಿಮ ವರ್ಷದ ಪ್ರಬಂಧಕ್ಕೆ ವಿಷಯ ಆರಿಸುವಾಗ ವಿದ್ಯಾರ್ಥಿಗಳು ‘ಸೌರಶಕ್ತಿ’, ‘ನ್ಯಾನೋ ತಂತ್ರಜ್ಞಾನ’ ಮುಂತಾದ ದೊಡ್ಡ ಹೆಸರುಗಳತ್ತ ವಾಲುವುದುಂಟು. ಇವು ವಿಷಯಗಳೇ ಹೊರತು ಪ್ರಶ್ನೆಗಳಲ್ಲ. ನಿಮಗೆ ಬೇಕಾದುದು ಒಂದೇ ಸೆಮಿಸ್ಟರಿನಲ್ಲಿ, ಕಾಲೇಜಿನಲ್ಲಿರುವ ಉಪಕರಣಗಳಿಂದಲೇ ಉತ್ತರ ಕಂಡುಕೊಳ್ಳಬಹುದಾದ ಒಂದು ಪ್ರಶ್ನೆ. ಉತ್ತರ ಸಿಗುವ ಸಾಧ್ಯತೆ ಇದೆಯೇ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಲೆಕ್ಕ ಹಾಕಬಹುದು.

ಸರಳ ಲೋಲಕವನ್ನೇ ತೆಗೆದುಕೊಳ್ಳಿ. ಅದರ ಆಂದೋಲನಾವಧಿ ತೂಗುವ ಕೋನವನ್ನು ಅವಲಂಬಿಸುವುದಿಲ್ಲ ಎಂದು ಓದಿದ್ದೀರಿ. ಇದು ಸಣ್ಣ ಕೋನಗಳಿಗೆ ಮಾತ್ರ ಸರಿ. ಕೋನ ದೊಡ್ಡದಾದಂತೆ ಅವಧಿಯೂ ಹೆಚ್ಚುತ್ತದೆ. ಕೋನವನ್ನು ರೇಡಿಯನ್‌ಗಳಲ್ಲಿ ಅಳೆದು, ಅದರ ವರ್ಗವನ್ನು 16ರಿಂದ ಭಾಗಿಸಿದರೆ ಈ ಹೆಚ್ಚಳದ ಪ್ರಮಾಣ ಸುಮಾರಾಗಿ ದೊರೆಯುತ್ತದೆ. ‘ಸಾಧಾರಣ ಸ್ಟಾಪ್‌ವಾಚಿನಿಂದ ಇದನ್ನು ಅಳೆಯಬಹುದೇ?’ ಇದು ಪ್ರಬಂಧಕ್ಕೆ ತಕ್ಕ ಪ್ರಶ್ನೆ.

1 ಮೀಟರ್ ಉದ್ದದ ಲೋಲಕದ ಅವಧಿ ಸುಮಾರು 2 ಸೆಕೆಂಡು. 5 ಡಿಗ್ರಿ ಕೋನಕ್ಕೆ ಹೆಚ್ಚಳ ಶೇ. 0.05 ಮಾತ್ರ. 10 ಆಂದೋಲನಗಳಾದರೂ ವ್ಯತ್ಯಾಸ 0.01 ಸೆಕೆಂಡು. ಗುಂಡಿ ಒತ್ತುವ ಕೈಯೇ 0.1ರಿಂದ 0.2 ಸೆಕೆಂಡು ಹಿಂದೆ ಮುಂದೆ ಆಗುವುದರಿಂದ ಇದು ಕಾಣಿಸದು. 30 ಡಿಗ್ರಿಯಲ್ಲಾದರೋ ಹೆಚ್ಚಳ ಶೇ. 1.7, 10 ಆಂದೋಲನಗಳಿಗೆ ಸುಮಾರು 0.35 ಸೆಕೆಂಡು. ಇದನ್ನು ಅಳೆಯಬಹುದು. ಅದೇ ಅಳತೆಯನ್ನು 10 ಬಾರಿ ಮಾಡಿ ಸರಾಸರಿ ತೆಗೆದರೆ ಯಾದೃಚ್ಛಿಕ ದೋಷ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ 100 ಆಂದೋಲನಗಳನ್ನು ಏಕೆ ಎಣಿಸಬಾರದು? ಗಾಳಿಯ ತಡೆಯಿಂದ ಕೋನವೇ ಕುಗ್ಗುತ್ತಾ ಹೋಗುತ್ತದೆ. ಆದ್ದರಿಂದ ಭಾರವಾದ ಲೋಹದ ಗುಂಡು ಬಳಸಿ. ಆರಂಭದ ಮತ್ತು ಕೊನೆಯ ಕೋನ ಎರಡನ್ನೂ ಬರೆದುಕೊಳ್ಳಿ. ಸ್ಟ್ಯಾಂಡು ಅಲುಗಾಡದಂತೆ ನೋಡಿಕೊಳ್ಳಿ.

16 ವಾರಗಳಿದ್ದರೆ ಹೀಗೆ ಹಂಚಿಕೊಳ್ಳಬಹುದು: ಓದು ಮತ್ತು ಲೆಕ್ಕಕ್ಕೆ 3, ಪೂರ್ವಪ್ರಯೋಗಕ್ಕೆ 1, ಅಳತೆಗೆ 6, ಬರವಣಿಗೆಗೆ 4. ಉಳಿದ 2 ವಾರಗಳನ್ನು ಕೈಕೊಡುವ ಉಪಕರಣಗಳಿಗಾಗಿ ಮೀಸಲಿಡಿ. ಅಳತೆಗಳನ್ನು ದಿನಾಂಕ ಸಹಿತ ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆಯಿರಿ, ಅಳಿಸಬೇಡಿ. ವಿಧಾನದ ಭಾಗವನ್ನು ಪ್ರಯೋಗ ನಡೆಯುತ್ತಿರುವಾಗಲೇ ಬರೆಯಿರಿ, ಸಾರಾಂಶ ಕೊನೆಗಿರಲಿ.

ಕೊನೆಯಲ್ಲಿ ಕೋನದ ವರ್ಗಕ್ಕೆದುರಾಗಿ ಅವಧಿಯ ನಕ್ಷೆ ಎಳೆಯಿರಿ. ಸರಳರೇಖೆ ಬರಬೇಕು. ಬಾರದಿದ್ದರೆ ಅಂಕಿಗಳನ್ನು ತಿದ್ದಬೇಡಿ. ಕಾರಣ ಹುಡುಕಿ, ಪರೀಕ್ಷಿಸಿ, ಕಂಡದ್ದನ್ನು ಬರೆಯಿರಿ. ಅದೂ ಫಲಿತಾಂಶವೇ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಮೌಖಿಕ ಪರೀಕ್ಷೆಯಲ್ಲಿ ‘ಉತ್ತರ ಎಷ್ಟು ಬಂತು?’ ಎಂಬುದರ ಜೊತೆಗೆ ‘ಅದರಲ್ಲಿ ದೋಷವೆಷ್ಟು, ಹೇಗೆ ತಿಳಿಯಿತು?’ ಎಂದೂ ಕೇಳೋಣ. ಪುಸ್ತಕದ ಅಂಕಿಗೆ ಹೊಂದಿದ್ದಕ್ಕಷ್ಟೇ ಅಂಕ ಕೊಟ್ಟರೆ, ಅಂಕಿಗಳನ್ನು ಹೊಂದಿಸುವುದನ್ನೇ ನಾವು ಕಲಿಸಿದಂತಾಗುತ್ತದೆ.